ಮನೆಯ ಅಕ್ಷರ, ಶಾಲೆಯ ಅಕ್ಷರ

ಜ್ಯೇಷ್ಠಮಾಸದ ಮೊದಲ ಮಳೆಯೊಡನೆ ಬಾಗಿಲು ತೆರೆದ ಶಾಲೆಗಳು ಶ್ರಾವಣದ ಹೊತ್ತಿಗೆ ಒಂದು ಹದಕ್ಕೆ ಬರುವುದು ನಮ್ಮ ನಾಡಿನ ವಾಡಿಕೆ. ತಳಿರುತೋರಣ ಕಟ್ಟಿ ಸಿಹಿ ಹಂಚಿದ ಪ್ರಾರಂಭೋತ್ಸವದ ಸಂಭ್ರಮ ಮುಗಿದು, ಪುಸ್ತಕ ಸಮವಸ್ತ್ರಗಳ ಗಡಿಬಿಡಿ ತೀರಿ, ಅಳುವ ಮಕ್ಕಳು ಅಳುವುದನ್ನು ಬಿಟ್ಟು, ಅವರನ್ನು ಕಂಡು ತಾವೂ ಕಣ್ಣೊರಸಿಕೊಂಡ ಅಜ್ಜಿಯರು ಸಮಾಧಾನಗೊಂಡು, ಮನೆಗಳಲ್ಲಿ ಒಂದು ಬಗೆಯ ನೆಮ್ಮದಿ ನೆಲಸುವ ಕಾಲವಿದು. ಆದರೆ ಈ ನೆಮ್ಮದಿಯ ನಡುವೆಯೇ ಒಂದು ಹೊಸ ಕಲಹ ತಲೆಯೆತ್ತುವುದುಂಟು. ಒಂದನೆಯ ತರಗತಿಗೆ ಹೋಗುವ ಮೊಮ್ಮಕ್ಕಳಿರುವ ಗೃಹಸ್ಥರಿಗೆ ಅದು ಏನೆಂಬುದನ್ನು ನಾನು ಹೇಳಬೇಕಾಗಿಲ್ಲ. ಅದು ಮಗುವಿನ ಸ್ಲೇಟಿನ ಮೇಲೆ ಹುಟ್ಟುವ ಕಲಹ.

ನಮ್ಮದು ಹಾಸನ ಸೀಮೆಯ ಒಂದು ಸಣ್ಣ ಊರು. ನಮ್ಮ ಕಿರಿಯ ಮೊಮ್ಮಗಳು ಈ ವರ್ಷ ಬೀದಿಯ ಕೊನೆಯಲ್ಲಿರುವ ಸರಕಾರಿ ಪಾಠಶಾಲೆಗೆ ಸೇರಿದ್ದಾಳೆ. ಮೊದಲ ಕೆಲವು ವಾರಗಳು ಆಟ, ಹಾಡು, ಚುಕ್ಕಿ, ಗೆರೆ, ಸುತ್ತುಗಳಲ್ಲಿ ಕಳೆದುವು. ಆಮೇಲೆ ಒಂದು ಸಂಜೆ ಆಕೆ ಸ್ಲೇಟಿನ ತುಂಬ ರಕಾರವನ್ನು ಬರೆದುಕೊಂಡು ಬಂದಳು. ಎರಡು ದಿನ ಬಿಟ್ಟು ಗಕಾರ, ಅನಂತರ ಸಕಾರ. ನಮ್ಮ ಮನೆಯವರು ಸ್ಲೇಟನ್ನು ನನ್ನ ಕಣ್ಣಿಗೆ ಹಿಡಿದು, “ನೋಡಿದಿರಾ, ಅಕಾರವನ್ನೇ ಹೇಳಿಕೊಡದೆ ರಕಾರಕ್ಕೆ ಹೋಗಿದ್ದಾರೆ. ಕಳೆದ ವಿಜಯದಶಮಿಯ ದಿನ ತಟ್ಟೆಯ ಅಕ್ಕಿಯಲ್ಲಿ ಅರಿಶಿನದ ಕೊಂಬಿನಿಂದ ತಿದ್ದಿಸಿದ್ದು ಯಾತಕ್ಕೆ?” ಎಂದರು. ಅವರ ಆಕ್ಷೇಪ ಅಷ್ಟಕ್ಕೇ ನಿಂತಿತು. ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು.

ನೆರೆಮನೆಯ ಯಜಮಾನರ ಆಕ್ಷೇಪ ಅಷ್ಟು ಸುಲಭವಾಗಿ ನಿಲ್ಲತಕ್ಕದ್ದಾಗಿರಲಿಲ್ಲ. ಅವರು ಸರಕಾರಿ ಕಚೇರಿಯೊಂದರಲ್ಲಿ ಬಹುಕಾಲ ಗುಮಾಸ್ತರಾಗಿದ್ದು ನಿವೃತ್ತರಾದವರು. ಕಡತ ಕಡತದ ಜಾಗದಲ್ಲಿಯೇ ಇರಬೇಕೆಂಬ ಸ್ವಭಾವದವರು. ಅವರ ಮೊಮ್ಮಗನೂ ನಮ್ಮ ಹುಡುಗಿಯ ತರಗತಿಯವನೇ. ಬೇಸಿಗೆಯ ಎರಡು ತಿಂಗಳೂ ಅವರು ಮಗುವನ್ನು ಎದುರಿಗೆ ಕೂಡಿಸಿಕೊಂಡು, ಜೋಡಿಗೆರೆಯ ಪುಸ್ತಕದಲ್ಲಿ ಅ ದಿಂದ ಅಃ ವರೆಗೆ, ಕ ದಿಂದ ಳ ವರೆಗೆ ತಿದ್ದಿಸಿದ್ದರು. ಹುಡುಗ ನಿಲ್ಲಿಸಿ ಕೇಳಿದರೆ ನಲವತ್ತೊಂಬತ್ತು ಅಕ್ಷರಗಳನ್ನೂ ಉಸಿರು ಬಿಡದೆ ಒಪ್ಪಿಸುತ್ತಿದ್ದ. ಅಂಥವನಿಗೆ ಶಾಲೆಯಲ್ಲಿ ರಕಾರದಿಂದ ಪಾಠ ಆರಂಭವಾದದ್ದನ್ನು ಕಂಡು ಯಜಮಾನರಿಗೆ ಆದ ವ್ಯಸನ ಅಲ್ಪವಲ್ಲ. “ಮೇಷ್ಟ್ರೇ, ಬುಡವಿಲ್ಲದೆ ಮರ ನೆಡುತ್ತಾರೆಯೆ? ಆ ಶಾಲೆಯಲ್ಲಿ ಅಕ್ಷರದ ವರಸೆಯೇ ಗೊತ್ತಿಲ್ಲ. ಟಿ. ಸಿ. ತೆಗೆದುಕೊಂಡು ಇಂಗ್ಲಿಷ್ ಶಾಲೆಗೆ ಸೇರಿಸಿಬಿಡುತ್ತೇನೆ ಎನ್ನುತ್ತಾನೆ ನಮ್ಮ ಹುಡುಗ. ಬೇಡವೆನ್ನುವುದಕ್ಕೆ ನನಗೆ ಬಾಯಿಲ್ಲ,” ಎಂದರು. ನಮ್ಮ ಹುಡುಗ ಎಂದರೆ ಅವರ ಮಗ, ಮಗುವಿನ ತಂದೆ.

ಇದರ ಜೊತೆಗೆ ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನೂ ಹೇಳಬೇಕು. ಶಾಲೆ ಬಿಟ್ಟು ಬಂದ ಆ ಮಗು ತನ್ನ ಮನೆಯ ಮೆಟ್ಟಿಲ ಮೇಲೆ ಕುಳಿತು, ಅಂದು ಬರೆದುದನ್ನೆಲ್ಲ ಅಂಗಿಯ ತೋಳಿನಿಂದ ಒರಸಿ, ಬರಿಯ ಸ್ಲೇಟನ್ನು ಹಿಡಿದುಕೊಂಡು ಒಳಕ್ಕೆ ಹೋಗುತ್ತಿತ್ತು. ಶಾಲೆಯಲ್ಲಿ ಅಮ್ಮನವರು ಭೇಷ್ ಎಂದ ಬರವಣಿಗೆ ಮನೆಯಲ್ಲಿ ತಾತನವರ ಮುಖವನ್ನು ಕಂದಿಸುತ್ತದೆಂಬುದನ್ನು ಅದು ನಾಲ್ಕೇ ದಿನಗಳಲ್ಲಿ ತಿಳಿದುಕೊಂಡಿತ್ತು. ಆರು ವರ್ಷದ ಮಗು ಇಬ್ಬರು ಗುರುಗಳ ನಡುವೆ ಸಿಕ್ಕಿಕೊಂಡಾಗ ಮಾಡಬಹುದಾದ ಉಪಾಯ ಅದೊಂದೇ. ಇದನ್ನು ಕಂಡ ಮೇಲೆ ಈ ತಿಂಗಳ ಪುಟದಲ್ಲಿ ಬೇರೆ ವಿಷಯವನ್ನು ಬರೆಯಲು ನನಗೆ ಮನಸ್ಸಾಗಲಿಲ್ಲ.

ಮೊದಲು ಶಾಲೆಯವರು ಮಾಡುತ್ತಿರುವುದೇನೆಂಬುದನ್ನು ನೋಡೋಣ. ಅವರು ಮೊದಲು ಕೊಡುವ ಐದು ಅಕ್ಷರಗಳು ರ, ಗ, ಸ, ದ, ಅ ಎಂಬುವು. ಕೇಳಿದವರಿಗೆ ಯಾರೋ ಚೀಟಿ ಎತ್ತಿ ಆರಿಸಿದಂತೆ ತೋರಬಹುದು. ಆದರೆ ವಾಚಕರು ಒಂದು ಕಾಗದದ ಮೇಲೆ ಈ ಐದನ್ನು ಮಾತ್ರ ಬರೆದುಕೊಂಡು, ಇವುಗಳಿಂದ ಎಷ್ಟು ಮಾತುಗಳು ಹುಟ್ಟುತ್ತವೆಂಬುದನ್ನು ಪರೀಕ್ಷಿಸಬೇಕೆಂದು ಬೇಡುತ್ತೇನೆ. ಸರ, ರಸ, ದರ, ಅರಸ, ಅಗಸ, ಸರಸ, ದಸರ, ಗರಗಸ. ಐದೇ ಅಕ್ಷರ, ಅರಸನೂ ಬಂದ, ಅಗಸನೂ ಬಂದ, ದಸರವೂ ಬಂತು. ಇದರಲ್ಲಿ ದೀರ್ಘವಿಲ್ಲ, ಒತ್ತಿಲ್ಲ, ಕೊಂಬಿಲ್ಲ, ಸೊನ್ನೆಯಿಲ್ಲ. ಎರಡನೆಯ ಗುಂಪು ಜ, ವ, ಮ, ಬ, ನ. ಇವು ಸೇರಿದೊಡನೆ ಮರ, ದನ, ಜನ, ವನ, ಮಗ, ಗಜ, ನಗರ, ಗಗನ, ಬಸವ, ಅವಸರ ಎಂದು ಮಾತುಗಳು ಮಳೆಗಾಲದ ಅಣಬೆಗಳಂತೆ ಏಳುತ್ತವೆ. ಅಷ್ಟೇ ಅಲ್ಲ, “ಅವನ ಮಗ ಬಸವ” ಎಂಬ ಪರಿಪೂರ್ಣವಾದ ವಾಕ್ಯವನ್ನು ಮಗು ಹತ್ತೇ ಅಕ್ಷರಗಳ ಬಲದಿಂದ ಓದಬಲ್ಲುದು, ಬರೆಯಬಲ್ಲುದು. ಕ್ರಿಯಾಪದವಿಲ್ಲದೆ ವಾಕ್ಯ ಮುಗಿಯುವುದು ನಮ್ಮ ಭಾಷೆಯ ಸೌಲಭ್ಯ. ಇಂಗ್ಲಿಷಿನ ಮಗುವಿಗೆ ಅದಿಲ್ಲ.

ಇನ್ನು ನಾವು ನಮ್ಮ ಮನೆಗಳಲ್ಲಿ ಮಾಡುವುದನ್ನು ನೋಡೋಣ. ಅ ಆ ಇ ಈ ಎಂದು ಹದಿಮೂರು ಸ್ವರಗಳನ್ನು ಮಗುವಿಗೆ ತಿದ್ದಿಸಿ ಮುಗಿಸಿದೆವೆನ್ನಿ. ಇದಕ್ಕೆ ತಿಂಗಳೊಂದು ಬೇಕು. ಅಷ್ಟು ಕಲಿತ ಮಗು ಈಗ ಯಾವ ಮಾತನ್ನು ಓದಬಲ್ಲುದು? “ಆ” ಎನ್ನಬಹುದು, “ಈ” ಎನ್ನಬಹುದು, “ಓ” ಎಂದು ಯಾರನ್ನಾದರೂ ಕರೆಯಬಹುದು. ಅದಕ್ಕಿಂತ ಮುಂದೆ ಹೋಗಲಾರದು. ಏಕೆಂದರೆ ಕನ್ನಡದಲ್ಲಿ ಸ್ವರಾಕ್ಷರವು ಪದದ ಮೊದಲಲ್ಲಿ ಬರತಕ್ಕದ್ದೇ ಹೊರತು ನಡುವೆಯಾಗಲಿ ಕೊನೆಯಲ್ಲಾಗಲಿ ಬರತಕ್ಕದ್ದಲ್ಲ. ಎರಡು ಸ್ವರಗಳು ಎದುರುಬದುರಾದರೆ ಒಂದು ಲೋಪವಾಗುತ್ತದೆ, ಇಲ್ಲವೆ ನಡುವೆ ಯಕಾರವೋ ವಕಾರವೋ ಬಂದು ಕೂರುತ್ತದೆ. ಇದನ್ನು ಸಂಧಿಪ್ರಕರಣದಲ್ಲಿ ಎಲ್ಲರೂ ಓದಿದ್ದೇವೆ. ಕೆಲವು ಕೂಗಿನ ಶಬ್ದಗಳನ್ನೂ ಪರಭಾಷೆಯ ಹೆಸರುಗಳನ್ನೂ ಬಿಟ್ಟರೆ ಈ ನಿಯಮಕ್ಕೆ ಅಪವಾದ ಕಡಮೆ. ಆದಕಾರಣ ಸ್ವರಗಳನ್ನು ಮಾತ್ರ ಕಲಿತ ಮಗುವಿನ ಕೈಯಲ್ಲಿ ಹದಿಮೂರು ಬೀಗದ ಕೈಗಳಿವೆ, ತೆರೆಯುವುದಕ್ಕೆ ಒಂದು ಬಾಗಿಲೂ ಇಲ್ಲ. ಅದರಲ್ಲಿಯೂ ಋಕಾರವೊಂದಿದೆ. ಋಷಿ, ಋತು, ಋಣ ಎಂದು ಹೇಳಿ ಮುಗಿಸಿದರೆ ಆ ಮಗುವಿಗೆ ತಿಳಿಯುವ ನಾಲ್ಕನೆಯ ಉದಾಹರಣೆಯನ್ನು ಹುಡುಕಲು ತಾತನೇ ಪರದಾಡಬೇಕು. ವ್ಯಂಜನಗಳಿಗೆ ಬಂದರೆ ಐದನೆಯದಾಗಿ ಎದುರಾಗುವುದು ಙ ಎಂಬ ವಿಚಿತ್ರಾಕೃತಿ. ಅದರಿಂದ ಆರಂಭವಾಗುವ ಕನ್ನಡದ ಮಾತು ಒಂದೂ ಇಲ್ಲ. ಇದ್ದ ಕಡೆಯಲ್ಲಿಯೂ ಅದರ ಕೆಲಸವನ್ನು ಇಂದು ಸೊನ್ನೆಯೇ ಮಾಡುತ್ತಿದೆ. ಮಗುವಿನ ಕೈ ಬಳಪ ಹಿಡಿಯಲು ಕಲಿಯುವ ಮೊದಲೇ ಈ ಅಕ್ಷರದ ಸೊಂಡಿಲನ್ನು ತಿದ್ದಬೇಕೆಂದರೆ ಅದು ಅಳದೆ ಏನು ಮಾಡೀತು?

ಹಾಗಾದರೆ ನಮ್ಮ ಹಿರಿಯರು ಕೊಟ್ಟ ವರ್ಣಮಾಲೆಯ ಕ್ರಮ ಪ್ರಯೋಜನವಿಲ್ಲದ್ದೆ? ಖಂಡಿತವಾಗಿಯೂ ಅಲ್ಲ. ಬಾಲ್ಯದಿಂದ ಸಂಸ್ಕೃತದ ಅನ್ನವನ್ನು ಉಂಡ ನಾನು ಹಾಗೆ ಹೇಳಿಯೇನೆ? ಲೋಕದ ಲಿಪಿಗಳಲ್ಲಿ ಇಷ್ಟು ವಿವೇಚನೆಯಿಂದ ಜೋಡಿಸಿದ ಅಕ್ಷರಪಂಕ್ತಿಗಳು ವಿರಳ. ಇಂಗ್ಲಿಷಿನ ಎ, ಬಿ, ಸಿ ಗಳಲ್ಲಿ ಎ ಆದಮೇಲೆ ಬಿ ಏಕೆ ಎಂದು ಕೇಳಿದರೆ ಧ್ವನಿಯ ಕಡೆಯಿಂದ ಉತ್ತರವಿಲ್ಲ. ನಮ್ಮಲ್ಲಿ ಕ ಆದಮೇಲೆ ಖ ಏಕೆ, ಕವರ್ಗವಾದಮೇಲೆ ಚವರ್ಗವೇಕೆ ಎಂಬುದಕ್ಕೆ ಉತ್ತರವುಂಟು. ಅದು ಪ್ರತಿಯೊಬ್ಬರ ಬಾಯಿಯಲ್ಲಿಯೇ ಉಂಟು. ಆದರೆ ವಾಚಕರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಈ ಕ್ರಮವು ಧ್ವನಿಗಳ ಕ್ರಮ, ಆಕೃತಿಗಳ ಕ್ರಮವಲ್ಲ. ಇದನ್ನು ವಿಚಾರಮಾಡಿದ ಶಾಸ್ತ್ರಕ್ಕೆ ಶಿಕ್ಷಾ ಎಂದು ಹೆಸರು. ಆರು ವೇದಾಂಗಗಳಲ್ಲಿ ಅದೊಂದು. ಅದು ಉಚ್ಚಾರಣೆಯ ಶಾಸ್ತ್ರ. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ, ಅವನ ಕಿವಿಯಿಂದ ಅವನ ಬಾಯಿಗೆ ನಡೆಯುವ ವಿದ್ಯೆ. ಇದೇ ಕ್ರಮವನ್ನು ಕನ್ನಡಿಗರೂ ತೆಲುಗರೂ ಬಂಗಾಳಿಗಳೂ ಸಿಂಹಳೀಯರೂ ಇಟ್ಟುಕೊಂಡಿದ್ದಾರೆ. ಅವರವರು ಬರೆಯುವ ಆಕಾರಗಳು ಮಾತ್ರ ಬೇರೆ ಬೇರೆ. ಕ ಗ ಗಳು ಮಾಲೆಯಲ್ಲಿ ನೆರೆಹೊರೆಯವು, ಆದರೆ ಕನ್ನಡದಲ್ಲಿ ಬರೆದರೆ ಒಂದಕ್ಕೊಂದು ಮುಖಪರಿಚಯವಿಲ್ಲ. ರ ಠ ಗಳು ಮಾಲೆಯಲ್ಲಿ ದೂರದವು, ಬರೆದರೆ ಒಂದು ಚುಕ್ಕಿಯ ಭೇದ ಮಾತ್ರ. ದ, ಧ, ಥ ಗಳ ಗೊಂದಲ ಮೇಷ್ಟ್ರಾದವರಿಗೆಲ್ಲ ಗೊತ್ತಿರುವುದೇ. ಎಂದ ಮೇಲೆ ಬಾಯಿಗೆ ಸುಲಭವಾದ ದಾರಿಯೇ ಕೈಗೂ ಸುಲಭವಾಗಬೇಕೆಂಬ ನಿರ್ಬಂಧವೇನಿದೆ?

ಇನ್ನೂ ಒಂದು ಮಾತು. ವರ್ಣಮಾಲೆಯ ಕ್ರಮವನ್ನು ಬದಲಾಯಿಸುವುದು ಸಂಪ್ರದಾಯವಿರುದ್ಧವೆಂದು ನೆರೆಮನೆಯ ಯಜಮಾನರು ವಾದಿಸಿದಾಗ ನಾನು ಅವರಿಗೆ ಪಾಣಿನಿಮಹರ್ಷಿಯನ್ನೇ ಸಾಕ್ಷಿಯಾಗಿ ಕರೆದೆ. ಪಾಣಿನೀಯ ವ್ಯಾಕರಣದ ತಲೆಬಾಗಿಲಲ್ಲಿ ಹದಿನಾಲ್ಕು ಸೂತ್ರಗಳುಂಟು, ಮಾಹೇಶ್ವರಸೂತ್ರಗಳೆಂದು ಪ್ರಸಿದ್ಧವಾದುವು. ಅಲ್ಲಿ ಅಕ್ಷರಗಳು ನಮ್ಮ ಮಾಲೆಯ ಕ್ರಮದಲ್ಲಿ ಇವೆಯೆ? ಇಲ್ಲ. ಸ್ವರಗಳು ಮುಗಿದೊಡನೆ ಬರುವುದು ಕಕಾರವಲ್ಲ, ಹಕಾರ. ಆಮೇಲೆ ಯ, ವ, ರ, ಲ ಗಳು. ಅನಂತರ ಐದು ವರ್ಗಗಳ ಅನುನಾಸಿಕಗಳೂ ಒಟ್ಟಿಗೆ ಬರುತ್ತವೆ. ನಮ್ಮ ಮಾಲೆಯಲ್ಲಿ ಮೊದಲ ವ್ಯಂಜನವಾದ ಕಕಾರವು ಅಲ್ಲಿ ಹೆಚ್ಚುಕಡಮೆ ಕೊನೆಗೆ ಕಾಣಿಸಿಕೊಳ್ಳುತ್ತದೆ. ಹಕಾರವಂತೂ ಎರಡು ಸಲ ಬರುತ್ತದೆ! ದೀರ್ಘಸ್ವರಗಳಾದ ಆ, ಈ, ಊ ಗಳಿಗೆ ಬೇರೆ ಸ್ಥಾನವೇ ಇಲ್ಲ. ಏಕೆಂದರೆ ಸಂಕ್ಷೇಪವಾಗಿ ಸೂತ್ರಗಳನ್ನು ಹೇಳುವುದಕ್ಕೆ ಪ್ರತ್ಯಾಹಾರಗಳು ಬೇಕಾಗಿದ್ದುವು. ಅಚ್ ಎಂದರೆ ಸ್ವರಗಳೆಲ್ಲ, ಹಲ್ ಎಂದರೆ ವ್ಯಂಜನಗಳೆಲ್ಲ ಎಂಬಂತಹ ಸಂಜ್ಞೆಗಳಿಗೆ ಯಾವ ಜೋಡಣೆ ಅನುಕೂಲವೋ ಆ ಜೋಡಣೆಯನ್ನು ಅಲ್ಲಿ ಇಟ್ಟುಕೊಂಡರು. ವ್ಯಾಕರಣದ ಪ್ರಯೋಜನಕ್ಕಾಗಿ ಒಂದು ಕ್ರಮ ಸಲ್ಲುವುದಾದರೆ, ಆರು ವರ್ಷದ ಮಗುವಿನ ಕೈಯ ಪ್ರಯೋಜನಕ್ಕಾಗಿ ಇನ್ನೊಂದು ಕ್ರಮ ಏಕೆ ಸಲ್ಲಬಾರದು? ಯಜಮಾನರು ಪಾಣಿನಿಯ ಹೆಸರು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಒಪ್ಪಿದರೆಂದು ನಾನು ತಿಳಿಯಲಿಲ್ಲ.

ನಮ್ಮ ತಾತನವರು ಅಕ್ಷರ ಕಲಿತದ್ದು ಕೂಲಿಮಠದಲ್ಲಿ, ಮರಳಿನ ಮೇಲೆ ಬೆರಳಿನಿಂದ. ಅಕ್ಷರಗಳಾದಮೇಲೆ ಕಾಗುಣಿತ, ಕಾಗುಣಿತವಾದಮೇಲೆ ಒತ್ತಕ್ಷರ, ಮಗ್ಗಿ ಇವುಗಳ ಜೊತೆಜೊತೆಗೆ. ಒಂದು ಮಾತನ್ನು ತಾವಾಗಿ ಓದುವ ಹೊತ್ತಿಗೆ ವರ್ಷವೊಂದು ಕಳೆದಿತ್ತೆಂದು ಅವರು ಹೇಳುತ್ತಿದ್ದರು. ಆ ಕ್ರಮದಲ್ಲಿ ಗಟ್ಟಿಯಾದವರು ಬಹಳ ಗಟ್ಟಿಯಾದರು, ನಿಜ. ಆದರೆ ನಡುವೆಯೇ ಬಿಟ್ಟು ದನ ಕಾಯಲು ಹೋದವರೆಷ್ಟು ಮಂದಿ ಎಂಬ ಲೆಕ್ಕವನ್ನು ಯಾರೂ ಇಡಲಿಲ್ಲ. ನಾನೇ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಹೇಳಿಕೊಡುತ್ತಿದ್ದ ಕಾಲದಲ್ಲಿ, ವರ್ಣಮಾಲೆಯನ್ನು ಅಸ್ಖಲಿತವಾಗಿ ಒಪ್ಪಿಸಿ, ಎದುರಿಗಿಟ್ಟ ಪುಟದಲ್ಲಿ ಒಂದು ಸಾಲನ್ನು ಓದಲಾರದೆ ನಿಂತ ಎಂಟನೆಯ ತರಗತಿಯ ಹುಡುಗರನ್ನು ವರ್ಷವರ್ಷವೂ ಕಂಡಿದ್ದೇನೆ. ಅವರು ಮಾಲೆಯನ್ನು ಹಾಡಾಗಿ ಬಲ್ಲರು. ಯಕಾರವೊಂದನ್ನೇ ತೋರಿಸಿ ಕೇಳಿದರೆ ಮೊದಲಿನಿಂದ ಹೇಳಿಕೊಂಡು ಬಂದು ಅಲ್ಲಿ ನಿಲ್ಲಬೇಕು.

ಈ ರಗಸದ ಕ್ರಮವನ್ನು ಇಂದು ಅನುಸರಿಸುವ ನಲಿ-ಕಲಿ ತರಗತಿಗಳ ಕಥೆಯನ್ನೂ ಗೃಹಸ್ಥರು ತಿಳಿದಿರುವುದು ಒಳ್ಳೆಯದು. ನಲಿ-ಕಲಿಯನ್ನು 1995 ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ಸಂಸ್ಥೆಯ ನೆರವಿನಿಂದ ಆರಂಭಿಸಿದರು. ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ನಮ್ಮ ಪ್ರಾಥಮಿಕ ಶಾಲೆಯ ಉಪಾಧ್ಯಾಯರೇ ಅದನ್ನು ನಮ್ಮ ಮಕ್ಕಳಿಗೆ ಹೊಂದಿಸಿದರು. 2009-10 ರಲ್ಲಿ ಅದು ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹರಡಿತು. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪುಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಪುಸ್ತಕಕ್ಕೆ ಬದಲಾಗಿ ಚಿತ್ರದ ಕಾರ್ಡುಗಳು. ಕಲಿತಷ್ಟನ್ನು ಗುರುತಿಸಿಕೊಳ್ಳಲು ಏಣಿಯ ಪಟ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಮಕ್ಕಳ ಬರಹ, ಚಿತ್ರಗಳು ತೂಗುತ್ತವೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಕಪ್ಪುಹಲಗೆ. ಮೂರು ತರಗತಿಗಳನ್ನು ಒಬ್ಬರೇ ನಡೆಸುವ ಕಷ್ಟ ಅದನ್ನು ನಡೆಸಿದವರಿಗೇ ಗೊತ್ತು. ಹೊರಗಿನಿಂದ ನೋಡಿ “ಮಕ್ಕಳು ನೆಲದ ಮೇಲೆ ಆಡುತ್ತಿವೆ” ಎನ್ನುವುದು ಸುಲಭ.

ಹಾಗಾದರೆ ತಾತ ಅಜ್ಜಿಯರಿಗೆ ಉಳಿದ ಕೆಲಸವೇನು? ಇದೆ, ಅದೂ ಶಾಲೆಯಲ್ಲಿ ಆಗುವುದಕ್ಕಿಂತ ಮನೆಯಲ್ಲಿ ಚೆನ್ನಾಗಿ ಆಗತಕ್ಕದ್ದು. ಕೈಯನ್ನು ಶಾಲೆಗೆ ಬಿಟ್ಟುಕೊಟ್ಟು ಬಾಯನ್ನು ನಾವು ಇಟ್ಟುಕೊಳ್ಳಬೇಕು. ಸಂಜೆ ದೀಪ ಹಚ್ಚಿದ ಮೇಲೆ ನಾನು ಮೊಮ್ಮಗಳನ್ನು ಎದುರಿಗೆ ಕೂಡಿಸಿಕೊಳ್ಳುತ್ತೇನೆ; ಸ್ಲೇಟು ಬಳಪಗಳು ಅವಳ ಚೀಲದಲ್ಲಿಯೇ ಇರುತ್ತವೆ. ಕ, ಚ, ಟ, ತ, ಪ ಎಂದು ಐದನ್ನು ನಿಧಾನವಾಗಿ ಹೇಳಿಸಿ, ನಾಲಿಗೆ ಎಲ್ಲಿ ತಗಲುತ್ತದೆ ನೋಡು ಎನ್ನುತ್ತೇನೆ. ಕಕಾರಕ್ಕೆ ಗಂಟಲ ಹತ್ತಿರ, ಚಕಾರಕ್ಕೆ ಅಂಗುಳ, ಟಕಾರಕ್ಕೆ ತುದಿ ಮೇಲಕ್ಕೆ ಮಡಚಿ ನೆತ್ತಿಯ ಕಡೆಗೆ, ತಕಾರಕ್ಕೆ ಹಲ್ಲು, ಪಕಾರಕ್ಕೆ ತುಟಿ. ಎರಡನೆಯ ದಿನವೇ ಆಕೆ, “ತಾತ, ಅಕ್ಷರ ಒಳಗಿಂದ ಹೊರಗೆ ನಡ್ಕೊಂಡು ಬರ್ತಾ ಇದೆ!” ಎಂದಳು. ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯಗಳೆಂದು ನಾವು ಹೆಸರಿಟ್ಟು ಕಂಠಪಾಠ ಮಾಡಿದ್ದನ್ನು ಅದು ತನ್ನ ಬಾಯಿಯಲ್ಲಿಯೇ ಓದಿಕೊಂಡಿತು.

ಮುಂದಿನ ಆಟ ಒಂದೊಂದು ವರ್ಗದೊಳಗಿನದು. ಪ, ಫ, ಬ, ಭ, ಮ. ಒಂದು ತೆಳುವಾದ ಕಾಗದದ ಚೂರನ್ನು ತುಟಿಯ ಮುಂದೆ ಹಿಡಿದು ಪ ಎಂದರೆ ಅದು ಅಷ್ಟಾಗಿ ಅಲುಗುವುದಿಲ್ಲ. ಫ ಎಂದರೆ ಚೆನ್ನಾಗಿ ಅಲುಗುತ್ತದೆ. ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಅಷ್ಟೇ. (ಇಂದು ಫ್ಯಾನು, ಫೋನುಗಳ ದೆಸೆಯಿಂದ ಫಕಾರ ಹಲ್ಲಿಗೆ ತಗಲತೊಡಗಿದೆ, ಫಲ ಎನ್ನುವಾಗಲಾದರೂ ಎರಡು ತುಟಿಗಳನ್ನೂ ಸೇರಿಸಿರಪ್ಪ ಎಂದು ನನ್ನ ಪ್ರಾರ್ಥನೆ.) ಗಂಟಲ ಮೇಲೆ ಬೆರಳಿಟ್ಟು ಬ ಎಂದರೆ ಒಳಗೆ ಝೇಂಕಾರ, ಪ ಎಂದರೆ ಇಲ್ಲ. ಮೂಗನ್ನು ಹಿಡಿದು ಮ ಎನ್ನಲು ಹೋದರೆ ಬರುವುದೇ ಇಲ್ಲ. ಮಕ್ಕಳು ಉರುಳಾಡಿ ನಗುತ್ತಾರೆ. ಹೀಗೆ ಒಂದು ತಿಂಗಳಲ್ಲಿ ಇಪ್ಪತ್ತೈದು ವರ್ಗೀಯ ವ್ಯಂಜನಗಳೂ ಬಾಯಿಗೆ ಬರುತ್ತವೆ, ಒಂದು ಪೆಟ್ಟೂ ಬೀಳದೆ.

ನಮ್ಮ ಕಡೆಯ ಮಕ್ಕಳು ಹಾಲನ್ನು ಆಲು ಎನ್ನುವುದೂ, ತಿದ್ದಿದ ಮೇಲೆ ಆನೆಯನ್ನು ಹಾನೆ ಎನ್ನುವುದೂ ಎಲ್ಲರಿಗೂ ತಿಳಿದದ್ದು. ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಅ ಮತ್ತು ಹ ಎನ್ನಿಸಿದರೆ ಬಿಸಿಯುಸಿರು ತಾಕಿದ್ದು ಹಕಾರವೆಂದು ಮಗು ತಾನೇ ಹೇಳುತ್ತದೆ. ಇದಕ್ಕೆ ಗೇಲಿ ಬೇಡ. ಮನೆಯಲ್ಲಿ ತಾಯಿ ಆಡುವ ಮಾತನ್ನೇ ಮಗು ಆಡುತ್ತಿದೆ. ಅದನ್ನು ಹಾಸ್ಯಮಾಡಿದರೆ ತಾಯಿಯನ್ನೇ ಹಾಸ್ಯಮಾಡಿದಂತೆ ಆ ಮಗುವಿಗೆ ತೋರುತ್ತದೆ.

ಬೆಂಗಳೂರಿನಲ್ಲಿರುವ ನಮ್ಮ ಹಿರಿಯ ಮೊಮ್ಮಗನ ಒಂದು ಸಮಾಚಾರವನ್ನು ನಾನು ನೆರೆಮನೆಯ ತಂದೆಗೂ ಹೇಳಿದೆ, ಟಿ. ಸಿ. ತೆಗೆದುಕೊಳ್ಳುವೆನೆಂದವರು ಅವರೇ ತಾನೆ. ಅವನು ಓದುವುದು ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯಲ್ಲಿ, ಸಾಲದೆನ್ನಲಾಗದಷ್ಟು ಶುಲ್ಕ ಕೊಟ್ಟು. ಅಲ್ಲಿ ಅವನಿಗೆ ಓದಿನ ಮೊದಲ ಪಾಠವಾಗಿ ಕೊಟ್ಟದ್ದು ಎ, ಬಿ, ಸಿ ಅಲ್ಲ. ಫೋನಿಕ್ಸ್ ಎಂಬ ಹೆಸರಿನಲ್ಲಿ ಎಸ್, ಎ, ಟಿ, ಐ, ಪಿ, ಎನ್ ಎಂಬ ಆರು ಅಕ್ಷರಗಳ ಧ್ವನಿಗಳನ್ನು ಮೊದಲು ಕಲಿಸಿದರು. ಆ ಆರರಿಂದ ಸ್ಯಾಟ್, ಪಿನ್, ಟ್ಯಾಪ್, ನ್ಯಾಪ್ ಎಂದು ಮಾತುಗಳನ್ನು ಕಟ್ಟಬಹುದೆಂಬುದೇ ಕಾರಣ. ನಮ್ಮ ರಗಸದಅ ಎಂಬುದು ಯಾವ ಯುಕ್ತಿಯೋ ಅದೂ ಅದೇ ಯುಕ್ತಿ. ಅಲ್ಲಿ ಅದನ್ನು ಹೊಸ ವಿಧಾನವೆಂದು ಹಣ ತೆತ್ತು ಮೆಚ್ಚುತ್ತೇವೆ. ಇಲ್ಲಿ ಉಚಿತವಾಗಿ ಕೊಟ್ಟರೆ ವರಸೆ ತಿಳಿಯದವರ ಪಾಠವೆಂದು ತಿರಸ್ಕರಿಸುತ್ತೇವೆ. ಮಗುವನ್ನು ಯಾವ ಶಾಲೆಗೆ ಕಳುಹಿಸಬೇಕೆಂಬುದು ಆ ತಂದೆತಾಯಿಗಳ ವಿವೇಚನೆ. ಬೇರೆ ಕಾರಣಗಳಿದ್ದರೆ ನಾನು ಅಡ್ಡ ಬರತಕ್ಕವನಲ್ಲ. ಈ ಕಾರಣಕ್ಕಾಗಿ ಬೇಡ ಎಂದಷ್ಟೇ ಹೇಳಿದೆ. ಹದಿನೈದು ದಿನ ಸ್ಲೇಟಿನ ಗೊಡವೆಗೆ ಹೋಗದೆ ಬಾಯಿಯ ಆಟವನ್ನು ಆಡಿ ನೋಡಿರೆಂದು ಯಜಮಾನರನ್ನೂ ಒಪ್ಪಿಸಿದೆ.

ಅವರು ಮಾತಿಗೆ ತಪ್ಪುವವರಲ್ಲ. ಹದಿನೈದು ದಿನಗಳನ್ನು ಪಂಚಾಂಗದಲ್ಲಿ ಗುರುತುಮಾಡಿಕೊಂಡೇ ನಡೆಸಿದರು. ಅನಂತರ ಒಂದು ಬೆಳಿಗ್ಗೆ ಹಾಲಿನ ಪಾತ್ರೆಯೊಡನೆಯೇ ನಮ್ಮ ಜಗುಲಿಗೆ ಬಂದು ಕುಳಿತರು. ಹಿಂದಿನ ದಿನ ಮೊಮ್ಮಗನನ್ನು ಕರೆದುಕೊಂಡು ಬಸ್ಸು ಹತ್ತಲು ನಿಂತಿದ್ದಾಗ, ಹಾಸನಕ್ಕೆ ಹೋಗುವ ಬಸ್ಸಿನ ಹಲಗೆಯನ್ನು ನೋಡಿ ಹುಡುಗ, “ತಾತ, ಅದು ಸ, ಅದು ನ. ಮೊದಲನೇದು ಯಾವುದು?” ಎಂದು ಕೇಳಿದನಂತೆ. “ಮೊದಲನೆಯದನ್ನು ಇನ್ನೂ ಹೇಳಿಕೊಟ್ಟಿಲ್ಲ ನೋಡಿ ಮೇಷ್ಟ್ರೇ,” ಎಂದು ಯಜಮಾನರು ದೂರಿನ ಧ್ವನಿಯಲ್ಲಿಯೇ ಹೇಳಿದರು. ಆದರೆ ಮುಖದಲ್ಲಿ ದೂರು ಇರಲಿಲ್ಲ. ಬೇಸಿಗೆಯಲ್ಲಿ ನಲವತ್ತೊಂಬತ್ತು ಅಕ್ಷರಗಳನ್ನೂ ತಿದ್ದಿದ್ದವನಿಗೆ ಹಾ ಎಂಬುದು ಏಕೆ ಹೊಳೆಯಲಿಲ್ಲ ಎಂದು ನಾನು ಕೇಳಲಿಲ್ಲ. ಟಿ. ಸಿ. ಯ ಮಾತು ಸದ್ಯಕ್ಕೆ ನಿಂತಿದೆ. ಹುಡುಗ ಈಗ ಮೆಟ್ಟಿಲ ಮೇಲೆ ಕೂರುವುದಿಲ್ಲ.

ಶಾಲೆಯವರ ಕಡೆಗೂ ಒಂದೆರಡು ಮಾತು ಹೇಳದಿದ್ದರೆ ಪಕ್ಷಪಾತವಾದೀತು. ಪ್ರಾರಂಭೋತ್ಸವದ ದಿನ ಪುಷ್ಪಗುಚ್ಛಗಳಿಗೂ ಭಾಷಣಗಳಿಗೂ ಕೊಡುವ ಹೊತ್ತಿನಲ್ಲಿ ಕಾಲುಗಂಟೆಯನ್ನು ಉಳಿಸಿ, ಮೊದಲ ತರಗತಿಯ ಮಕ್ಕಳ ಹಿರಿಯರನ್ನು ಕೂಡಿಸಿ, “ನಾವು ರ ಗ ಸ ದ ಅ ದಿಂದ ಆರಂಭಿಸುತ್ತೇವೆ, ಇದಕ್ಕೆ ಕಾರಣ ಇದು” ಎಂದು ಹಲಗೆಯ ಮೇಲೆ ಅರಸ, ಅಗಸ, ದಸರ ಎಂದು ಬರೆದು ತೋರಿಸಿದ್ದರೆ ಈ ಕಲಹಗಳಲ್ಲಿ ಅರ್ಧ ಹುಟ್ಟುತ್ತಲೇ ಇರಲಿಲ್ಲ. ತಾತಂದಿರು ಹಟವಾದಿಗಳು ಹೌದು, ಆದರೆ ಕಾರಣ ಹೇಳಿದರೆ ಕೇಳದವರಲ್ಲ. ಹೇಳದೆ ಬಿಟ್ಟರೆ ತಾವು ಕಲಿತ ವಿದ್ಯೆಯನ್ನೇ ಯಾರೋ ಗುಡಿಸಿ ಹೊರಗೆ ಹಾಕಿದರೆಂದು ಅವರಿಗೆ ತೋರುವುದು ಸಹಜ.

ಇನ್ನೊಂದು, ವರ್ಣಮಾಲೆಯ ಕ್ರಮವನ್ನು ಕೊನೆಯವರೆಗೂ ಕೊಡದೆ ಹೋಗುವುದೂ ಸಲ್ಲದು. ಎಲ್ಲ ಅಕ್ಷರಗಳೂ ಕೈಗೆ ಬಂದ ಮೇಲೆ, ಮೂರನೆಯ ತರಗತಿ ಮುಗಿಯುವುದರೊಳಗಾಗಿ, ಮಕ್ಕಳಿಗೆ ಮಾಲೆಯ ಕ್ರಮ ಬಾಯಲ್ಲಿಯೂ ಕಣ್ಣಲ್ಲಿಯೂ ಸ್ಥಿರವಾಗಬೇಕು. ಏಕೆಂದರೆ ನಿಘಂಟು ನಡೆಯುವುದು ಆ ಕ್ರಮದ ಮೇಲೆ. 1894 ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಾಗಲಿ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳಾಗಲಿ, ಅಂಗಡಿಯಲ್ಲಿ ಸಿಕ್ಕುವ ಕಿಸೆಯ ಕೋಶವಾಗಲಿ, ಕ ಆದಮೇಲೆ ಖ ಎಂಬುದನ್ನು ಬಲ್ಲವನಿಗೆ ಮಾತ್ರ ಬಾಗಿಲು ತೆರೆಯುತ್ತವೆ. ಪ್ರೌಢಶಾಲೆಗೆ ಬಂದ ಮೇಲೂ ನಿಘಂಟಿನಲ್ಲಿ ಒಂದು ಮಾತನ್ನು ಹುಡುಕಲು ಪುಟಗಳನ್ನು ಕುರುಡಾಗಿ ಮಗುಚುವ ಮಕ್ಕಳನ್ನು ನಾನು ಕಂಡಿದ್ದೇನೆ. ಆ ಕೆಲಸವನ್ನು ಶಾಲೆ ಮರೆತರೆ ಮನೆಯವರು ಮರೆಯಬೇಕಾದ್ದಿಲ್ಲ. ಬಾಯಿಯ ಆಟದಲ್ಲಿ ಬೆಳೆದ ಮಗುವಿಗೆ ಅದು ಒಂದು ವಾರದ ಕೆಲಸ. ನಮ್ಮ ಮನೆಯಲ್ಲಿ ಸಂಕ್ಷಿಪ್ತ ನಿಘಂಟನ್ನು ಮೇಲಿನ ಬಡುವಿನಿಂದ ಕೆಳಗಿನದಕ್ಕೆ ಇಳಿಸಿಟ್ಟಿದ್ದಾಗಿದೆ. ಮೊಮ್ಮಗಳು ಸದ್ಯಕ್ಕೆ ಅದನ್ನು ಬೊಂಬೆಗಳಿಗೆ ಜಗುಲಿಯಾಗಿ ಬಳಸುತ್ತಿದ್ದಾಳೆ. ಆಕೆ ಈಗ ಜ, ವ, ಮ, ಬ, ನ ಗಳಲ್ಲಿದ್ದಾಳೆ, ಇನ್ನೂ ಅವಸರವೇನಿಲ್ಲ.